ಮುಖ್ಯ ರಕ್ತನಾಳ ಮುಚ್ಚಿರುವಾಗ ತೊಡೆಯ ಆಳದ ನಾಳವನ್ನು ಯಾಕೆ ರಿಪೇರಿ ಮಾಡುತ್ತಾರೆ?

ಪ್ರಶ್ನೆ: ನಮ್ಮದು ಅಂಕೋಲೆ ಹತ್ತಿರದ ಊರು. ಅಪ್ಪನಿಗೆ 66 ವರ್ಷ. ಶುಗರ್ ಇದೆ. ಬೀಡಿ ಚಟ ಇತ್ತು, ಈಗ ಕಡಿಮೆ ಮಾಡಿದ್ದಾರೆ. ಕೆಲವು ವರ್ಷದ ಹಿಂದೆ ಹಾರ್ಟ್ ಬೈಪಾಸ್ ಆಗಿದೆ. ಆಗ ಎರಡೂ ಕಾಲಿನಿಂದ ನರ ತೆಗೆದಿದ್ದರು. ಕಳೆದ ವರ್ಷದಿಂದ ಸ್ವಲ್ಪ ದೂರ ನಡೆದರೂ ಎಡಗಾಲಿನ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ವಾತ ಅಂತ ಎಣ್ಣೆ ತಿಕ್ಕಿದೆವು. ಈಗ ರಾತ್ರಿ ಮಲಗಿದರೆ ಪಾದ ಉರಿಯುತ್ತದೆ. ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಕೂತೇ ಬೆಳಗು ಮಾಡುತ್ತಾರೆ. ಗಾಯ ಇಲ್ಲ. ಸಿಟಿ ಆಂಜಿಯೋದಲ್ಲಿ ಎಸ್‌ಎಫ್‌ಎ (ತೊಡೆಯ ಮುಖ್ಯ ರಕ್ತನಾಳ) ಪೂರ್ತಿ ಬ್ಲಾಕ್, ಪ್ರೊಫಂಡಾದ (ತೊಡೆಯ ಆಳದ ನಾಳ) ಬಾಯಿ 80 ಪರ್ಸೆಂಟ್ ಬ್ಲಾಕ್, ಮೊಣಕಾಲಿನ ಕೆಳಗೆ ಎರಡು ನಾಳ ಚೆನ್ನಾಗಿವೆ ಎಂದು ಬಂದಿದೆ. ಹುಬ್ಬಳ್ಳಿಯ ಸರ್ಜನ್ ತೊಡೆಸಂದಿಯಲ್ಲಿ ಕೊಯ್ದು ಪ್ರೊಫಂಡಾ ಮಾತ್ರ ರಿಪೇರಿ ಮಾಡೋಣ ಎನ್ನುತ್ತಾರೆ. ಪೂರ್ತಿ ಮುಚ್ಚಿದ್ದನ್ನು ಬಿಟ್ಟು ಪಕ್ಕದ್ದನ್ನು ತೆರೆದು ಏನು ಲಾಭ ಅಂತ ಮನೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಸ್ಟೆಂಟ್ ಹಾಕಿದರೆ ಆಗುವುದಿಲ್ಲವೇ?

ಉತ್ತರ: ನೀವು ಬರೆದಷ್ಟನ್ನು ನೋಡಿದರೆ ಸರ್ಜನ್ ಹೇಳಿದ್ದು ಸರಿಯಾಗಿಯೇ ಇದೆ. ನಿಮ್ಮ ಅಪ್ಪನ ಎಡಗಾಲು ಇವತ್ತು ಬದುಕಿರುವುದೇ ಆ ‘ಪಕ್ಕದ’ ನಾಳದಿಂದ. ಅದರ ಬಾಯಿಯೂ ಮುಚ್ಚುತ್ತಾ ಬಂದಿದ್ದಕ್ಕೇ ರಾತ್ರಿ ನೋವು ಶುರುವಾಗಿದೆ. ಹಾಗಾಗಿ ಅದನ್ನು ತೆರೆಯುವುದು ಸಣ್ಣ ಕೆಲಸ ಅಂದುಕೊಳ್ಳಬೇಡಿ. ಮನೆಯವರ ಪ್ರಶ್ನೆಯೂ ನ್ಯಾಯವಾದದ್ದೇ. ಸ್ವಲ್ಪ ಉದ್ದವಾಗಿ ಉತ್ತರಿಸುತ್ತೇನೆ.

ಮೊದಲು ಕಾಲಿಗೆ ರಕ್ತ ಬರುವ ದಾರಿ ನೋಡೋಣ. ಹೊಟ್ಟೆಯೊಳಗಿಂದ ಬರುವ ದೊಡ್ಡ ರಕ್ತನಾಳ ತೊಡೆಸಂದಿಯ ಗೆರೆ ದಾಟಿ ತೊಡೆಗೆ ಇಳಿಯುತ್ತದೆ. ಅಲ್ಲಿ ಬೆರಳಿಟ್ಟರೆ ಮಿಡಿತ ಸಿಗುತ್ತದೆ. ಅಲ್ಲಿಂದ ಸುಮಾರು ನಾಲ್ಕು ಸೆಂಟಿಮೀಟರ್ ಕೆಳಗೆ ಅದು ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ತೊಡೆಯ ಒಳಬದಿಯಲ್ಲಿ ನೇರ ಕೆಳಗಿಳಿದು, ಮೊಣಕಾಲಿನ ಹಿಂದೆ ಹಾದು, ಪಾದಕ್ಕೆ ಹೋಗುತ್ತದೆ. ರಿಪೋರ್ಟಿನಲ್ಲಿ ಎಸ್‌ಎಫ್‌ಎ ಎಂದಿರುವುದು ಇದೇ. ದಾರಿಯಲ್ಲಿ ಇದು ಹೆಚ್ಚು ಕೊಂಬೆ ಕೊಡುವುದಿಲ್ಲ. ಇನ್ನೊಂದು ಕವಲು ಹಿಂದಕ್ಕೆ, ಸ್ವಲ್ಪ ಹೊರಬದಿಗೆ ತಿರುಗಿ ತೊಡೆಯ ಮಾಂಸದ ಆಳಕ್ಕೆ ಇಳಿಯುತ್ತದೆ. ಅದೇ ಪ್ರೊಫಂಡಾ. ಶುರುವಿನಲ್ಲಿ ಐದಾರು ಮಿಲಿಮೀಟರ್ ಅಗಲ ಇರುತ್ತದೆ. ತೊಡೆಯ ದೊಡ್ಡ ಸ್ನಾಯುಗಳಿಗೆ, ತೊಡೆಮೂಳೆಗೆ, ಸೊಂಟದ ಕೀಲಿನ ಗುಂಡಿಗೆ ರಕ್ತ ಕೊಡುವುದು ಇದರ ದಿನನಿತ್ಯದ ಕೆಲಸ.

ಇದರ ಕೊಂಬೆಗಳನ್ನು ಸ್ವಲ್ಪ ಗಮನಿಸಿ. ಮೇಲ್ಭಾಗದಲ್ಲಿ ಎರಡು ಕೊಂಬೆ ತೊಡೆಮೂಳೆಯನ್ನು ಒಳಗಿಂದ ಮತ್ತು ಹೊರಗಿಂದ ಸುತ್ತುತ್ತವೆ. ಕೆಳಗೆ ಸಾಮಾನ್ಯವಾಗಿ ಮೂರು ಕೊಂಬೆಗಳು ಸ್ನಾಯುವನ್ನು ತೂರಿಕೊಂಡು ತೊಡೆಯ ಹಿಂಬದಿಗೆ ಹೋಗುತ್ತವೆ. ನಾಳದ ತುದಿಯೇ ನಾಲ್ಕನೆಯದು. ಮೇಲಿನ ಕೊಂಬೆಗಳು ಪೃಷ್ಠದಿಂದ ಬರುವ ನಾಳಗಳ ಜೊತೆ ಕೈಜೋಡಿಸುತ್ತವೆ. ಹೊರಬದಿಯ ಕೊಂಬೆಯ ಒಂದು ಎಳೆ ಮೊಣಕಾಲಿನ ತನಕ ಇಳಿದು, ಅಲ್ಲಿನ ಸಣ್ಣ ನಾಳಗಳ ಬಲೆಗೆ ಸೇರುತ್ತದೆ. ಅಂದರೆ ಸೊಂಟದಿಂದ ಮೊಣಕಾಲಿನವರೆಗೆ ಪ್ರೊಫಂಡಾದ ಮೂಲಕ ಇನ್ನೊಂದು ದಾರಿ ಮೊದಲಿಂದಲೇ ಇದೆ. ಎಸ್‌ಎಫ್‌ಎ ತೆರೆದಿರುವಷ್ಟು ಕಾಲ ಅದರಲ್ಲಿ ಓಡಾಟ ಕಡಿಮೆ. ಎಸ್‌ಎಫ್‌ಎ ನಿಧಾನವಾಗಿ ಮುಚ್ಚಿದರೆ ಈ ಎಳೆಗಳು ತಿಂಗಳುಗಟ್ಟಲೆ ಸಮಯ ತೆಗೆದುಕೊಂಡು ದಪ್ಪವಾಗುತ್ತವೆ.

ಮಳೆಗಾಲದಲ್ಲಿ ಗುಡ್ಡ ಜರಿದು ಹೆದ್ದಾರಿ 66 ಬಂದ್ ಆದರೆ ಏನಾಗುತ್ತದೆ? ಗಾಡಿಗಳೆಲ್ಲ ಒಳಗಿನ ಹಳ್ಳಿ ರಸ್ತೆ ಹಿಡಿಯುತ್ತವೆ. ತಡವಾದರೂ ಮುಟ್ಟುತ್ತವೆ. ಆದರೆ ಆ ಒಳರಸ್ತೆಗೆ ತಿರುಗುವ ಜಾಗದಲ್ಲೇ ಒಂದು ಲಾರಿ ಅಡ್ಡ ನಿಂತರೆ? ನಿಮ್ಮ ಅಪ್ಪನ ತೊಡೆಯಲ್ಲಿ ಆಗಿರುವುದು ಇದೇ.

80 ಪರ್ಸೆಂಟ್ ಎಂದರೆ ಇನ್ನೂ 20 ಉಳಿದಿದೆಯಲ್ಲ ಅನ್ನಿಸಬಹುದು. ಆ ಅಳತೆ ವ್ಯಾಸದ್ದಾದರೆ ಲೆಕ್ಕ ಬೇರೆ. ವ್ಯಾಸ ಐದನೇ ಒಂದಕ್ಕೆ ಇಳಿದರೆ ರಕ್ತ ಹರಿಯುವ ಜಾಗ ಬರೀ 4 ಪರ್ಸೆಂಟ್ ಉಳಿಯುತ್ತದೆ. ನಡೆಯುವಾಗ ಸ್ನಾಯುವಿಗೆ ಜಾಸ್ತಿ ರಕ್ತ ಬೇಕು, ಅದು ಸಿಗದೆ ಮೀನಖಂಡ ಹಿಡಿಯುತ್ತದೆ. ಇನ್ನೂ ಕಡಿಮೆಯಾದರೆ ಸುಮ್ನೆ ಮಲಗಿದ್ದಾಗಲೂ ಪಾದಕ್ಕೆ ಸಾಲುವುದಿಲ್ಲ. ಕಾಲು ಇಳಿಬಿಟ್ಟಾಗ ರಕ್ತ ಕೆಳಗಿಳಿಯಲು ಭೂಮಿಯ ಎಳೆತವೂ ನೆರವಾಗುತ್ತದೆ. ಅಪ್ಪ ಮಂಚದ ಅಂಚಿಗೆ ಕೂರುವುದು ಅದಕ್ಕೇ. ಇದು ವಾತ ಅಲ್ಲ. ಕರಾವಳಿಯಲ್ಲೂ ಘಟ್ಟದ ಮೇಲೂ ಈ ನೋವಿಗೆ ಎಣ್ಣೆ ತಿಕ್ಕಿ, ಬಿಸಿನೀರಿನ ಶಾಖ ಕೊಟ್ಟು ತಿಂಗಳು ಕಳೆಯುವವರು ತುಂಬಾ ಜನ. ಶುಗರ್ ಇರುವವರಿಗೆ ಪಾದದ ಸ್ಪರ್ಶ ಮಂದವಾಗಿರುತ್ತದೆ, ಶಾಖಕ್ಕೆ ಚರ್ಮ ಸುಟ್ಟರೂ ತಿಳಿಯುವುದಿಲ್ಲ. ರಕ್ತ ಕಡಿಮೆ ಇರುವ ಪಾದದಲ್ಲಿ ಆ ಸುಟ್ಟ ಗಾಯ ಮಾಯುವುದಿಲ್ಲ. ಇವತ್ತಿನಿಂದಲೇ ಶಾಖ ಕೊಡುವುದನ್ನು ನಿಲ್ಲಿಸಿ.

ಈಗ ಮನೆಯವರ ಮುಖ್ಯ ಪ್ರಶ್ನೆ. ಎಸ್‌ಎಫ್‌ಎಯನ್ನೇ ಯಾಕೆ ಸರಿ ಮಾಡಬಾರದು? ಅದು ಪೂರ್ತಿ, ಉದ್ದಕ್ಕೂ ಮುಚ್ಚಿದೆ. ಅದನ್ನು ದಾಟಿಸಲು ಒಳ್ಳೆಯ ದಾರಿ ಬೈಪಾಸ್. ತೊಡೆಸಂದಿಯಿಂದ ಮೊಣಕಾಲಿನ ಹತ್ತಿರಕ್ಕೆ ಹೊಸ ನಾಳ ಜೋಡಿಸುವುದು. ಅದಕ್ಕೆ ಎಲ್ಲಕ್ಕಿಂತ ಒಳ್ಳೆಯ ಸಾಮಾನು ರೋಗಿಯದೇ ಕಾಲಿನ ಉದ್ದದ ಸಿರೆ, ನೀವು ‘ನರ’ ಎಂದದ್ದು ಅದನ್ನೇ. ನಿಮ್ಮ ಅಪ್ಪನ ಎರಡೂ ಕಾಲಿನ ಸಿರೆ ಹೃದಯಕ್ಕೆ ಹೋಗಿದೆ. ಕೃತಕ ನಾಳ ಹಾಕಬಹುದು. ಆದರೆ ಅದು ಮೊಣಕಾಲಿನ ಕೆಳಗೆ ಹೋದಷ್ಟೂ ಬೇಗ ಮುಚ್ಚುವ ಭಯ ಜಾಸ್ತಿ, ಸೋಂಕು ತಗುಲಿದರೆ ತೆಗೆಯುವುದು ಬಹಳ ಕಷ್ಟ. ಹೃದಯದ ಆಪರೇಷನ್ ಆದವರಿಗೆ ಅರಿವಳಿಕೆಯ ಹೊತ್ತು ಕಡಿಮೆ ಇದ್ದಷ್ಟೂ ಒಳ್ಳೆಯದು. ಪ್ರೊಫಂಡಾ ರಿಪೇರಿ ಒಂದೇ ಗಾಯದಲ್ಲಿ ಮುಗಿಯುತ್ತದೆ. ಅನೇಕ ಬಾರಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡಬಹುದು. ಅಲ್ಲದೆ ಮುಂದೆ ಎಂದಾದರೂ ಬೈಪಾಸ್ ಬೇಕೇ ಆದರೆ, ಅದನ್ನು ಜೋಡಿಸಲು ತೊಡೆಸಂದಿಯಲ್ಲಿ ಚೊಕ್ಕ ಜಾಗ ಸಿದ್ಧವಾಗಿರುತ್ತದೆ.

ಪ್ರೊಫಂಡಾಕ್ಕೆ ಇನ್ನೊಂದು ಗುಣ ಇದೆ. ಕೊಬ್ಬು ಮತ್ತು ಸುಣ್ಣ ಕಟ್ಟುವ ರೋಗ ಎಸ್‌ಎಫ್‌ಎಯನ್ನು ಉದ್ದಕ್ಕೂ ಕೆಡಿಸಿದರೂ ಪ್ರೊಫಂಡಾದಲ್ಲಿ ಹೆಚ್ಚಾಗಿ ಬಾಯಿಯ ಹತ್ತಿರವೇ ನಿಲ್ಲುತ್ತದೆ. ಬಾಯಿ ಬಿಡಿಸಿದರೆ ಮುಂದಿನ ನಾಳ ಚೆನ್ನಾಗಿಯೇ ಇರುತ್ತದೆ. ಶುಗರ್ ಇರುವವರಲ್ಲಿ ಮಾತ್ರ ಇದು ಯಾವಾಗಲೂ ನಿಜವಲ್ಲ. ಅವರಲ್ಲಿ ರೋಗ ಎರಡನೇ, ಮೂರನೇ ಕೊಂಬೆಯವರೆಗೂ ಇಳಿದಿರಬಹುದು. ಆಗ ನಾಳವನ್ನು ಉದ್ದಕ್ಕೆ ತೆರೆಯಬೇಕಾಗುತ್ತದೆ. ನಿಮ್ಮ ಸರ್ಜನ್ ಹತ್ತಿರ ಇದನ್ನು ಖಂಡಿತ ಕೇಳಿ: ರೋಗ ಬಾಯಿಯಲ್ಲಿ ಮಾತ್ರವೇ, ಒಳಗೂ ಇದೆಯೇ?

ಈ ಆಪರೇಷನ್ ಗೆಲ್ಲುವುದು ಸೋಲುವುದು ಪ್ರೊಫಂಡಾದ ಮೇಲೇನಿದೆ, ಕೆಳಗೇನಿದೆ ಎನ್ನುವುದರ ಮೇಲೆ ನಿಂತಿದೆ. ಮೇಲೆ, ಅಂದರೆ ಹೊಟ್ಟೆಯಿಂದ ಬರುವ ನಾಳ ಚೆನ್ನಾಗಿರಬೇಕು. ತೊಡೆಸಂದಿಯ ಮಿಡಿತ ಬಲವಾಗಿರಬೇಕು. ಅಲ್ಲೇ ಕಿರಿದಾಗಿದ್ದರೆ ಮೊದಲು ಅಥವಾ ಅದೇ ಹೊತ್ತಿನಲ್ಲಿ ಅಲ್ಲಿಗೆ ಸ್ಟೆಂಟ್ ಹಾಕುತ್ತಾರೆ. ಕೆಳಗೆ, ಮೊಣಕಾಲಿನ ಹಿಂದಿನ ನಾಳ ಎಳೆಗಳಿಂದ ಮತ್ತೆ ತುಂಬಿಕೊಳ್ಳುತ್ತಿರಬೇಕು, ಅಲ್ಲಿಂದ ಪಾದಕ್ಕೆ ದಾರಿ ಇರಬೇಕು. ಅಪ್ಪನಿಗೆ ಎರಡು ನಾಳ ಚೆನ್ನಾಗಿವೆ ಎಂದಿದ್ದೀರಿ. ನನಗೆ ಈ ರಿಪೋರ್ಟಿನಲ್ಲಿ ತುಂಬಾ ಖುಷಿ ಕೊಟ್ಟ ಸಾಲು ಅದು.

ಎಳೆಗಳು ಎಷ್ಟು ಬಲಿತಿವೆ ಎಂದು ನೋಡಲು ಒಂದು ಹಳೆಯ, ಸರಳ ಅಳತೆ ಇದೆ. ಮೊಣಕಾಲಿನ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಪಟ್ಟಿ ಕಟ್ಟಿ ರಕ್ತದ ಹರಿವು ಕೇಳಿಸುವ ಡಾಪ್ಲರ್ ಪೆನ್ ಹಿಡಿದು ಒತ್ತಡ ನೋಡುತ್ತಾರೆ. ಎರಡರ ವ್ಯತ್ಯಾಸವನ್ನು ಮೇಲಿನ ಒತ್ತಡದಿಂದ ಭಾಗಿಸುತ್ತಾರೆ. 0.25ಕ್ಕಿಂತ ಕಡಿಮೆ ಬಂದರೆ ಮೊಣಕಾಲು ದಾಟುವಾಗ ಒತ್ತಡ ಹೆಚ್ಚು ನಷ್ಟವಾಗುತ್ತಿಲ್ಲ, ಪ್ರೊಫಂಡಾ ತೆರೆದರೆ ಪಾದಕ್ಕೆ ಮುಟ್ಟುತ್ತದೆ ಎಂದು ಅರ್ಥ. 0.5 ದಾಟಿದರೆ ಬರೀ ಪ್ರೊಫಂಡಾ ನಂಬಿ ಕೂರಬಾರದು. ಸುಣ್ಣ ಕಟ್ಟಿ ಗಟ್ಟಿಯಾದ ನಾಳ ಪಟ್ಟಿಗೆ ಅಮುಕುವುದಿಲ್ಲ, ಹಾಗಾಗಿ ಶುಗರ್ ಇರುವವರಲ್ಲಿ ಈ ಅಂಕಿ ಮೋಸ ಮಾಡುತ್ತದೆ. ಕಣಕಾಲು ಮತ್ತು ತೋಳಿನ ಒತ್ತಡ ಹೋಲಿಸುವ ಎಬಿಐ ಪರೀಕ್ಷೆಗೂ ಇದೇ ಮಾತು. ಅದು 0.9ಕ್ಕಿಂತ ಕಡಿಮೆ ಇದ್ದರೆ ರೋಗ ಇದೆ, 0.4ಕ್ಕಿಂತ ಕೆಳಗಿಳಿದರೆ ತೀವ್ರ. 1.4 ದಾಟಿದರೆ ಸಂತೋಷಪಡಬೇಡಿ, ನಾಳ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ಆಗ ಕಾಲುಬೆರಳಿನ ಒತ್ತಡ ನೋಡಬೇಕು.

ಅಪ್ಪನಿಗೆ ಗಾಯ ಇಲ್ಲ ಎನ್ನುವುದೂ ದೊಡ್ಡ ವಿಷಯ. ರಾತ್ರಿ ನೋವು ಹೋಗಲು ಬೇಕಾದ ರಕ್ತಕ್ಕಿಂತ ಗಾಯ ಮಾಯಲು ಬೇಕಾದ ರಕ್ತ ಜಾಸ್ತಿ. ಬೆರಳು ಕಪ್ಪಾಗಿದ್ದರೆ, ಹಿಮ್ಮಡಿಯಲ್ಲಿ ಹುಣ್ಣಿದ್ದರೆ, ಪ್ರೊಫಂಡಾ ಒಂದನ್ನೇ ತೆರೆದು ಬಿಡುವುದಕ್ಕೆ ನಾನು ಒಪ್ಪುತ್ತಿರಲಿಲ್ಲ. ಜೊತೆಗೆ ಕೆಳಗಿನ ನಾಳಕ್ಕೆ ಬಲೂನ್ ಅಥವಾ ಬೈಪಾಸ್ ಬೇಕಾಗುತ್ತಿತ್ತು.

ಇನ್ನು ಸ್ಟೆಂಟ್. ತೊಡೆಸಂದಿ ದಿನಕ್ಕೆ ಸಾವಿರಾರು ಸಲ ಮಡಚುವ ಜಾಗ. ನೆಲದ ಮೇಲೆ ಕೂತು ಊಟ ಮಾಡುವ, ಕುಕ್ಕುರುಗಾಲಲ್ಲಿ ಕೂರುವ ನಮ್ಮವರಿಗೆ ಇನ್ನೂ ಜಾಸ್ತಿ. ಅಲ್ಲಿ ಲೋಹದ ಜಾಲರಿ ಅಮುಕಬಹುದು, ಮುರಿಯಬಹುದು. ಎರಡನೆಯದಾಗಿ, ಕವಲಿನ ಜಾಗದಲ್ಲಿ ಸ್ಟೆಂಟ್ ಹಾಕಲು ಹೋಗಿ ಪ್ರೊಫಂಡಾದ ಬಾಯಿಯೇ ಮುಚ್ಚಿಹೋದರೆ ಕಾಲಿಗೆ ಉಳಿದಿದ್ದ ಒಂದೇ ದಾರಿಯೂ ಹೋಯಿತು. ಆಪರೇಷನ್ ತಡೆದುಕೊಳ್ಳಲಾರದಷ್ಟು ಹೃದಯ ಅಥವಾ ಶ್ವಾಸಕೋಶ ಸೋತವರಿಗೆ ಬಲೂನ್, ಸ್ಟೆಂಟ್ ಮಾಡುವುದುಂಟು, ಕೆಲವರಿಗೆ ಒಳ್ಳೆಯ ಫಲವೂ ಸಿಗುತ್ತದೆ. ಆದರೆ ಆಪರೇಷನ್ ತಡೆದುಕೊಳ್ಳುವವರಿಗೆ ಈ ಜಾಗದಲ್ಲಿ ಕೊಯ್ದು ಚೊಕ್ಕ ಮಾಡುವುದೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಕೀ-ಹೋಲ್ ಎಂದ ಕೂಡಲೇ ಅದೇ ಆಧುನಿಕ, ಕೊಯ್ಯುವುದು ಹಳತು ಎಂದು ತಿಳಿಯುವುದು ಬೇಡ.

ಆಪರೇಷನ್ ಹೀಗೆ ನಡೆಯುತ್ತದೆ. ತೊಡೆಸಂದಿಯಲ್ಲಿ ಉದ್ದುದ್ದಕ್ಕೆ ಒಂದು ಗೇಣಿಗಿಂತ ಕಡಿಮೆ ಕೊಯ್ಯುತ್ತಾರೆ. ಮುಖ್ಯ ನಾಳ, ಎರಡು ಕವಲು, ಸಣ್ಣ ಕೊಂಬೆಗಳು ಎಲ್ಲವನ್ನೂ ಬಿಡಿಸಿ ಒಂದೊಂದಕ್ಕೂ ದಾರದ ಕುಣಿಕೆ ಹಾಕಿಕೊಳ್ಳುತ್ತಾರೆ. ಪ್ರೊಫಂಡಾದ ಮುಂದೆ ಅಡ್ಡಲಾಗಿ ಒಂದು ಸಿರೆ ಹಾದುಹೋಗುತ್ತದೆ. ಅದನ್ನು ಕಟ್ಟಿ ಕತ್ತರಿಸದೆ ಮುಂದೆ ಹೋಗಲಾಗದು. ಅದು ಹರಿದರೆ ಆಳದಲ್ಲಿ ರಕ್ತಸ್ರಾವ ಕಾಡುತ್ತದೆ, ಹಾಗಾಗಿ ಅನುಭವಿ ಸರ್ಜನ್ ಇಲ್ಲಿ ಅವಸರ ಮಾಡುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಕೊಟ್ಟು ಕ್ಲಾಂಪ್ ಹಾಕುತ್ತಾರೆ. ಮುಖ್ಯ ನಾಳದಿಂದ ಪ್ರೊಫಂಡಾದ ಒಳಗೆ, ರೋಗ ಮುಗಿಯುವ ತನಕ ನಾಳವನ್ನು ಸೀಳುತ್ತಾರೆ. ಒಳಗೆ ಗಟ್ಟಿಯಾಗಿ ಕೂತ ಪದರವನ್ನು ಎಬ್ಬಿಸಿ ತೆಗೆಯುತ್ತಾರೆ. ಕೆಳತುದಿಯಲ್ಲಿ ಪದರದ ಅಂಚು ಎದ್ದು ನಿಂತರೆ ರಕ್ತ ಅದರಡಿ ನುಗ್ಗಿ ಮತ್ತೆ ಮುಚ್ಚಿಬಿಡುತ್ತದೆ, ಅದಕ್ಕೆ ಸಣ್ಣ ಹೊಲಿಗೆ ಹಾಕಿ ಕೂರಿಸುತ್ತಾರೆ. ಆಮೇಲೆ ಸೀಳನ್ನು ನೇರ ಹೊಲಿದರೆ ನಾಳ ಕಿರಿದಾಗುತ್ತದೆ. ಅದಕ್ಕೇ ಒಂದು ತೇಪೆ ಇಟ್ಟು ಅಗಲ ಮಾಡಿ ಹೊಲಿಯುತ್ತಾರೆ. ತೇಪೆಗೆ ಸಿರೆಯ ಚೂರು, ದನದ ಹೃದಯದ ಹೊರಪೊರೆಯಿಂದ ಸಿದ್ಧಪಡಿಸಿದ ಹಾಳೆ ಅಥವಾ ಕೃತಕ ಬಟ್ಟೆ ಬಳಸುತ್ತಾರೆ. ದನದ ಪೊರೆ ಎಂದರೆ ಕೆಲವು ಮನೆಗಳಲ್ಲಿ ಮುಜುಗರ ಆಗಬಹುದು. ಮೊದಲೇ ಹೇಳಿದರೆ ಬೇರೆಯದನ್ನು ಬಳಸುತ್ತಾರೆ, ಸಂಕೋಚ ಬೇಡ.

ನಾಳವನ್ನು ತೆರೆದು ಒಳಗಿನ ಪದರ ತೆಗೆಯುವ ಈ ವಿಧಾನ ಮೊದಲು ಗೆದ್ದದ್ದು 1946ರಲ್ಲಿ, ಪೋರ್ಚುಗಲ್ಲಿನ ಜೊವಾವ್ ಸಿದ್ ದೊಸ್ ಸಾಂತೊಸ್ ಎಂಬ ಸರ್ಜನ್ ಕೈಯಲ್ಲಿ. ಹೆಪಾರಿನ್ ಸಿಗತೊಡಗಿದ್ದರಿಂದಲೇ ಅದು ಸಾಧ್ಯವಾಯಿತು. ಪ್ರೊಫಂಡಾವನ್ನೇ ಗುರಿಯಾಗಿಟ್ಟು ಕಾಲು ಉಳಿಸುವ ಯೋಚನೆ 1960ರ ದಶಕದಲ್ಲಿ ಗಟ್ಟಿಯಾಯಿತು. ಇಷ್ಟು ವರ್ಷದಲ್ಲಿ ಎಷ್ಟೋ ಹೊಸ ಸಲಕರಣೆ ಬಂದರೂ ಈ ಆಪರೇಷನ್ ಇನ್ನೂ ಉಳಿದುಕೊಂಡಿದೆ.

ತೊಂದರೆಗಳೂ ಇವೆ. ತೊಡೆಸಂದಿ ಬೆವರುವ ಜಾಗ, ನಮ್ಮ ಕರಾವಳಿಯ ಸೆಕೆಯಲ್ಲಂತೂ ಹೇಳುವುದೇ ಬೇಡ. ಶುಗರ್ ಹತೋಟಿಯಲ್ಲಿ ಇಲ್ಲದಿದ್ದರೆ ಗಾಯ ಕೀವಾಗಬಹುದು. ಕೆಲವರಿಗೆ ಗಾಯದಿಂದ ನೀರಿನಂಥ ದ್ರವ ದಿನಗಟ್ಟಲೆ ಒಸರುತ್ತದೆ. ತೊಡೆಯ ಮುಂಭಾಗ ಜೋಮು ಹಿಡಿದಂತೆ ಇರಬಹುದು. ರಕ್ತಸ್ರಾವ, ಹೆಪ್ಪು ಕಟ್ಟುವುದು, ಹೃದಯಕ್ಕೆ ಒತ್ತಡ ಬೀಳುವುದು ಅಪರೂಪವಾದರೂ ಇರುವಂಥದ್ದೇ. ಹೃದಯದ ಡಾಕ್ಟರ ಒಪ್ಪಿಗೆ ಮತ್ತು ಕಿಡ್ನಿಯ ಕ್ರಿಯಾಟಿನಿನ್ ರಿಪೋರ್ಟ್ ಇಟ್ಟುಕೊಂಡೇ ಹೋಗಿ.

ಆಪರೇಷನ್ ಆದಮೇಲೆ ಪಾದದ ಮಿಡಿತ ವಾಪಸ್ ಬರುವುದಿಲ್ಲ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ನೇರ ದಾರಿ ಮುಚ್ಚಿಯೇ ಇರುತ್ತದೆ, ರಕ್ತ ಸಣ್ಣ ಎಳೆಗಳ ಮೂಲಕ ಬರುತ್ತದೆ. ಮಿಡಿತ ಸಿಗಲಿಲ್ಲ ಎಂದು ಆಪರೇಷನ್ ಸೋತಿತು ಅಂದುಕೊಂಡು ಕಂಗಾಲಾಗುವವರಿದ್ದಾರೆ. ನೋಡಬೇಕಾದ್ದು ಪಾದ ಬೆಚ್ಚಗಾಯಿತೇ, ಅಪ್ಪ ರಾತ್ರಿ ಕಾಲು ಚಾಚಿ ಮಲಗಿದರೇ ಎನ್ನುವುದು. ನಡೆಯುವ ದೂರವೂ ಹೆಚ್ಚಬಹುದು, ಆದರೆ ಮೊದಲಿನಂತೆ ಪೂರ್ತಿ ಆಗುತ್ತದೆ ಎಂದು ಮಾತು ಕೊಡಲಾರೆ. ಇನ್ನೊಂದು ಕಟುವಾದ ಮಾತು. ಮುಂದೆಂದಾದರೂ ಕಾಲು ತೆಗೆಯಬೇಕಾದ ಪರಿಸ್ಥಿತಿ ಬಂದರೂ, ಪ್ರೊಫಂಡಾ ತೆರೆದಿದ್ದರೆ ಮೊಣಕಾಲನ್ನು ಉಳಿಸಿ ಕೆಳಗೆ ಕತ್ತರಿಸುವ ಅವಕಾಶ ಹೆಚ್ಚು. ಮೊಣಕಾಲು ಉಳಿದವರು ಕೃತಕ ಕಾಲು ಹಾಕಿ ನಡೆಯುವುದು ಎಷ್ಟೋ ಸುಲಭ.

ಈ ನಾಳಕ್ಕೆ ಬರುವ ತೊಂದರೆ ಇದೊಂದೇ ಅಲ್ಲ. ಶಿರಸಿ, ಸಿದ್ದಾಪುರ ಕಡೆ ಅಡಿಕೆ ಮರದಿಂದ ಬಿದ್ದು ತೊಡೆಮೂಳೆ ಮುರಿದುಕೊಂಡವರ ಮನೆಯವರೂ ಇದನ್ನು ಓದಲಿ. ಪ್ರೊಫಂಡಾದ ಕೊಂಬೆಗಳು ಮೂಳೆಗೆ ತಾಗಿಕೊಂಡೇ ಹೋಗುತ್ತವೆ. ಮುರಿದ ಮೂಳೆಯ ಚೂಪು, ಅಪರೂಪಕ್ಕೆ ರಾಡ್-ಸ್ಕ್ರೂ ಹಾಕುವಾಗಿನ ಡ್ರಿಲ್, ಕೊಂಬೆಯನ್ನು ಗೀರಬಹುದು. ಆಗ ರಕ್ತ ಸ್ನಾಯುವಿನೊಳಗೇ ಚೀಲ ಕಟ್ಟಿಕೊಳ್ಳುತ್ತದೆ. ಎಸ್‌ಎಫ್‌ಎ ಸರಿ ಇರುವುದರಿಂದ ಪಾದದ ಮಿಡಿತ ಚೆನ್ನಾಗಿಯೇ ಇರುತ್ತದೆ, ಅನುಮಾನವೇ ಬರುವುದಿಲ್ಲ. ಆಪರೇಷನ್ ಆಗಿ ದಿನಗಳಾದ ಮೇಲೂ ತೊಡೆ ಊದುತ್ತಲೇ ಹೋದರೆ, ನೋವು ಏರಿದರೆ, ರಕ್ತದ ಹಿಮೋಗ್ಲೋಬಿನ್ ಕಾರಣವಿಲ್ಲದೆ ಇಳಿಯುತ್ತಿದ್ದರೆ ಡಾಪ್ಲರ್ ಸ್ಕ್ಯಾನ್ ಕೇಳಿ. ಸಣ್ಣ ಕೊಂಬೆಯಾದರೆ ತಂತಿಯ ಸುರುಳಿ ಹಾಕಿ ಒಳಗಿಂದಲೇ ಮುಚ್ಚಬಹುದು.

ಇನ್ನೂ ಪ್ರಾಯದ, ಬೀಡಿ ಸೇದುವ ಗಂಡಸರಿಗೆ ಬರ್ಗರ್ ಎಂಬ ಬೇರೆ ರೋಗ ಬರುತ್ತದೆ. ಅದು ಮುಖ್ಯವಾಗಿ ಮೊಣಕಾಲಿನ ಕೆಳಗಿನ ಸಣ್ಣ ನಾಳಗಳದ್ದು, ಅಲ್ಲಿ ಪ್ರೊಫಂಡಾ ತೆರೆದು ಪ್ರಯೋಜನ ಇಲ್ಲ.

ನಿಮ್ಮ ಅಪ್ಪ ಬೀಡಿ ‘ಕಡಿಮೆ’ ಮಾಡಿದ್ದು ಸಾಲದು. ಪೂರ್ತಿ ಬಿಡಬೇಕು. ಕವಳದ ಜೊತೆ ತಂಬಾಕು ಹಾಕುವುದಿದ್ದರೆ ಅದನ್ನೂ. ತೇಪೆ ಹಾಕಿದ ನಾಳ ಮತ್ತೆ ಮುಚ್ಚಲು ಇದಕ್ಕಿಂತ ದೊಡ್ಡ ಕಾರಣ ಬೇರೆ ಬೇಕಿಲ್ಲ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೊಗ್ರೆಲ್, ಜೊತೆಗೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಜೀವನಪೂರ್ತಿ ಬೇಕು. ಹೊಟ್ಟೆ ಉರಿ ಎಂದು ತಾವೇ ನಿಲ್ಲಿಸಬಾರದು. ನಡೆಯುವ ದೂರ ಹೆಚ್ಚಿಸಲು ಸಿಲೊಸ್ಟಜೋಲ್ ಎಂಬ ಮಾತ್ರೆ ಇದೆ, ಆದರೆ ಹೃದಯ ದುರ್ಬಲ ಇದ್ದವರಿಗೆ ಕೊಡುವಂತಿಲ್ಲ. ಬೈಪಾಸ್ ಆದದ್ದನ್ನು ಡಾಕ್ಟರಿಗೆ ನೆನಪಿಸಿ. ಗಾಯ ಮಾದ ಮೇಲೆ ವಾರಕ್ಕೆ ಮೂರು ದಿನವಾದರೂ ಅರ್ಧ ತಾಸು ನಡೆಯಲಿ. ನೋವು ಬಂದರೆ ನಿಂತು, ಹೋದಮೇಲೆ ಮತ್ತೆ ನಡೆಯಬೇಕು. ಮೂರು ತಿಂಗಳು ಹೀಗೆ ಮಾಡಿದರೆ ಎಳೆಗಳಿಂದ ಕಾಲಿಗೆ ಸಿಗುವ ಲಾಭ ಹೆಚ್ಚುತ್ತದೆ. ಆದರೆ ಬರಿಗಾಲಲ್ಲಿ ಬೇಡ, ಮರಳಿನಲ್ಲಂತೂ ಬೇಡವೇ ಬೇಡ. ಚಿಪ್ಪಿನ ಒಂದು ಗೀರು ಸಾಕು. ದೇವಸ್ಥಾನದ ಕಾದ ಅಂಗಳದಲ್ಲಿ ಕಾಲುಚೀಲ ಇರಲಿ.

ದೂರದ ವಿಷಯವೂ ಹೇಳಲೇಬೇಕು. ನೋವಿನ ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಬೆರಳು ಅಲ್ಲಾಡಿಸಲು ಬರದಂತಾದರೆ ಅದು ತುರ್ತು. ಸುಮಾರು ಆರು ತಾಸಿನೊಳಗೆ ರಕ್ತ ವಾಪಸ್ ಹರಿಯಬೇಕು. ಅಂಕೋಲೆಯಿಂದ ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟಲು ಮೂರು ತಾಸು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬೆಳಗಾಗಲಿ ನೋಡೋಣ ಎಂದರೆ ಕಾಲು ಹೋಯಿತು. ಹುಬ್ಬಳ್ಳಿಯೋ, ಗೋವೆಯೋ, ಮಣಿಪಾಲವೋ, ಎಲ್ಲಿಗೆ ಹೋಗುವುದು ಎಂದು ಇವತ್ತೇ ಮನೆಯಲ್ಲಿ ತೀರ್ಮಾನಿಸಿ. ಆ ಆಸ್ಪತ್ರೆಯಲ್ಲಿ ರಾತ್ರಿಯೂ ರಕ್ತನಾಳದ ಸರ್ಜನ್ ಸಿಗುತ್ತಾರೆಯೇ ಎಂದು ಫೋನ್ ಮಾಡಿ ಕೇಳಿಟ್ಟುಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ಮೊದಲೇ ಮಾಡಿಸಿಡಿ. ರಾಜ್ಯದ ಹೊರಗೆ ಹೋಗುವುದಾದರೆ ನಿಮ್ಮ ಕಾರ್ಡ್ ಅಲ್ಲಿ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ವಿಚಾರಿಸಿ.

ಆಪರೇಷನ್ ಯಾವಾಗ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮಲಗಿದಾಗ ನೋವು ಬರುವ ಹಂತಕ್ಕೆ ಬಂದ ಕಾಲಿಗೆ ಚೌತಿ ಮುಗಿಯಲಿ, ದೀಪಾವಳಿ ಕಳೆಯಲಿ ಎನ್ನುವಷ್ಟು ಸಮಯ ಇರುವುದಿಲ್ಲ. ಉಗುರು ತೆಗೆಯುವಾಗಿನ ಸಣ್ಣ ಗಾಯವೂ ಮಾಯದೆ ಕಪ್ಪಾಗಬಹುದು. ಆಮೇಲೆ ಬರೀ ಪ್ರೊಫಂಡಾ ರಿಪೇರಿ ಸಾಕಾಗುವುದಿಲ್ಲ. ಮುಂದಿನ ವಾರವೇ ಸರ್ಜನ್ ಹತ್ತಿರ ಹೋಗಿ, ಮೇಲೆ ಹೇಳಿದ್ದನ್ನು ಕೇಳಿ, ದಿನ ಗೊತ್ತು ಮಾಡಿಕೊಂಡು ಬನ್ನಿ.